ಚೈನ್ ಸಾ ಹಲ್ಲಿಗೆ ಅರ ಹಾಕುವುದು: ನನ್ನ ಅನುಭವ

ಮರ ಕೊಯ್ಯುವ ಚೈನ್ ಸಾ ಮಷಿನ್ನಿನ ಚೈನು ಮೊಂಡಾಗಿದೆಯಾ ಅಂತ ಹಲ್ಲು ಮುಟ್ಟಿ ನೋಡಬೇಕಿಲ್ಲ, ಕೆಳಗೆ ಬೀಳುವ ಪುಡಿ ನೋಡಿದರೆ ಸಾಕು. ಹರಿತ ಇದ್ದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮೊಂಡಾದರೆ ಹಿಟ್ಟಿನ ಹಾಗೆ ನುಣ್ಣಗೆ ಬರುತ್ತದೆ. ಶುರುವಿನಲ್ಲಿ ನನಗೆ ಇದು ಗೊತ್ತಿರಲಿಲ್ಲ. ಮಷಿನ್ ಮೇಲೆ ಭಾರ ಹಾಕಿ ಒತ್ತಿ ಕೊಯ್ಯುತ್ತಿದ್ದೆ. ಸಂಜೆಗೆ ತೋಳು ಎತ್ತಲಾಗುತ್ತಿರಲಿಲ್ಲ, ಬಾರ್ (ಚೈನು ಸುತ್ತುವ ಉದ್ದನೆ ಪಟ್ಟಿ) ಕಾದು ಹೊಗೆ ಬರುತ್ತಿತ್ತು.

ಬೇಗ ಆಗಲಿ ಅಂತ ಮೊದಲು ಕರೆಂಟಿನ ಗ್ರೈಂಡರ್ ಹಿಡಿದೆ. ಕಲ್ಲನ್ನು ಒಂದೇ ಕಡೆ ಜಾಸ್ತಿ ಹೊತ್ತು ಒತ್ತಿದ್ದಕ್ಕೆ ಹಲ್ಲಿನ ತುದಿ ನೀಲಿಗೆ ತಿರುಗಿತು. ಹಾಗೆ ಸುಟ್ಟರೆ ಉಕ್ಕಿನ ಹದ ಹೋಗುತ್ತದೆ, ಆಮೇಲೆ ಅಂಚು ನಿಲ್ಲುವುದೇ ಇಲ್ಲ. ಆವತ್ತಿನಿಂದ ನಾನು ಕೈಯಲ್ಲೇ ಅರ ಹಾಕುತ್ತೇನೆ.

ಗುಂಡು ಅರದ ಅಳತೆ ಚೈನಿಗೆ ಹೊಂದಬೇಕು. ಚೈನಿನ ಅಳತೆಗೆ ಪಿಚ್ ಅನ್ನುತ್ತಾರೆ, ಅಂದರೆ ಕೊಂಡಿಯಿಂದ ಕೊಂಡಿಗೆ ಇರುವ ಸರಾಸರಿ ಅಂತರ, ಇಂಚಿನಲ್ಲಿ. 3/8 ಲೋ ಪ್ರೊಫೈಲ್ (ತಗ್ಗಿನ ಹಲ್ಲಿನ) ಚೈನಿಗೆ 4 ಮಿ.ಮೀ., 0.325 ಪಿಚ್‌ಗೆ 4.8 ಮಿ.ಮೀ. ಸಾಮಾನ್ಯ. ದೊಡ್ಡ 3/8 ಚೈನಿಗೆ ಕಂಪನಿ ಮೇಲೆ 5.2 ಅಥವಾ 5.5 ಬರುತ್ತದೆ.

ಮಷಿನ್ ಆಫ್ ಮಾಡಿ, ಬಾರನ್ನು ವೈಸ್‌ಗೆ ಕಚ್ಚಿಸುತ್ತೇನೆ. ಹಲ್ಲು ಅಲ್ಲಾಡದ ಹಾಗೆ ಚೈನು ಸ್ವಲ್ಪ ಬಿಗಿ ಮಾಡಿ ಬ್ರೇಕ್ ಹಾಕುತ್ತೇನೆ. ಕೈಗವಸು ಬೇಕೇ ಬೇಕು, ಅರ ಜಾರಿದರೆ ಬೆರಳು ನೇರ ಹಲ್ಲಿಗೇ ಹೋಗುತ್ತದೆ. ಶುರು ಮಾಡಿದ ಹಲ್ಲಿಗೆ ಮಾರ್ಕರ್‌ನಲ್ಲಿ ಒಂದು ಗುರುತು. ಅರವನ್ನು 30 ಡಿಗ್ರಿ ಓರೆಗೆ ಹಿಡಿದು ಒಳಗಿನಿಂದ ಹೊರಕ್ಕೆ ತಳ್ಳುವುದು, ವಾಪಸ್ ತರುವಾಗ ಎತ್ತಿಬಿಡುವುದು. ಎಳೆಯುವಾಗಲೂ ತಿಕ್ಕಿದರೆ ಅರವೇ ಹಾಳು. ಅರದ ಐದನೇ ಒಂದು ಭಾಗ ಹಲ್ಲಿನ ಮೇಲಂಚಿಗಿಂತ ಮೇಲೆ ಕಾಣಬೇಕು.

ಎಷ್ಟು ಸಲ ತಳ್ಳಬೇಕು? ಇದಕ್ಕೆ ಉತ್ತರ ಬೆಳಕಿನಲ್ಲಿದೆ. ಟಾರ್ಚ್ ಬಿಟ್ಟು ಅಂಚನ್ನು ನೋಡಿ. ಮೊಂಡಾದ ಅಂಚಿನಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಮಿನುಗುತ್ತದೆ. ಅದು ಸವೆದು ದುಂಡಾದ ಜಾಗ, ಅದಕ್ಕೇ ಬೆಳಕು ಹೊಡೆಯುತ್ತದೆ. ಹರಿತ ಅಂಚಿಗೆ ಬೆಳಕು ಹಿಡಿಯಲು ಜಾಗವೇ ಇರುವುದಿಲ್ಲ. ಆ ಗೆರೆ ಪೂರ್ತಿ ಮಾಯವಾಗುವವರೆಗೆ ನಾನು ನಿಲ್ಲಿಸುವುದಿಲ್ಲ. ಮೂಲೆಯಲ್ಲಿ ಒಂದು ಚುಕ್ಕೆ ಉಳಿದರೂ ಹಲ್ಲು ಕಚ್ಚುವುದಿಲ್ಲ.

ಆದರೂ ಒಂದು ಸಲ ಪೂರ್ತಿ ಸೋತೆ. ಹಲ್ಲೆಲ್ಲ ಹರಿತ, ಗೆರೆ ಎಲ್ಲೂ ಇಲ್ಲ, ಬರೋದು ಮಾತ್ರ ಬರೀ ಪುಡಿ. ತಪ್ಪು ಇದ್ದದ್ದು ಡೆಪ್ತ್ ಗೇಜ್‌ನಲ್ಲಿ, ಅಂದರೆ ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತಡೆ ಹಿಡಿಯಲು ಪ್ರತಿ ಹಲ್ಲಿನ ಮುಂದಿರುವ ಗುಬುಟಿನಲ್ಲಿ. ಹಲ್ಲಿನ ಮೇಲ್ಭಾಗ ಹಿಂದಕ್ಕೆ ಇಳಿಜಾರು. ಅರ ಹಾಕಿದಷ್ಟೂ ಅಂಚು ತಗ್ಗುತ್ತದೆ, ಗುಬುಟು ಮಾತ್ರ ಹಾಗೇ ಇರುತ್ತದೆ. ಕೊನೆಗೆ ಮರಕ್ಕೆ ತಾಗುವುದು ಗುಬುಟು, ಹಲ್ಲಲ್ಲ! ನನ್ನ ಚೈನಿಗೆ ಅದು ಅಂಚಿಗಿಂತ 0.65 ಮಿ.ಮೀ. ಕೆಳಗಿರಬೇಕು. ಆಗ ಕಣ್ಣಂದಾಜಿನಲ್ಲೇ ಚಪ್ಪಟೆ ಅರದಿಂದ ಜಾಸ್ತಿ ತೆಗೆದುಬಿಟ್ಟೆ. ಮಷಿನ್ ಮರಕ್ಕೆ ತಾಗಿದ ಕೂಡಲೇ ಧಡಕ್ಕನೆ ಎಳೆಯಿತು. ಹಾಗಿದ್ದರೆ ಕಿಕ್‌ಬ್ಯಾಕ್, ಅಂದರೆ ಬಾರ್ ತಟ್ಟನೆ ನಮ್ಮ ಕಡೆಗೇ ಎಗರುವ ಅಪಾಯವೂ ಜಾಸ್ತಿ. ಆ ಚೈನು ಬಿಸಾಡಿದೆ. ಈಗ ಗೇಜ್ ಪ್ಲೇಟ್ (ಸೀಳು ಇರುವ ಅಳತೆಪಟ್ಟಿ) ಇಟ್ಟು, ಅದರ ಸೀಳಿನಿಂದ ಗುಬುಟು ಮೇಲೆ ಎದ್ದಷ್ಟನ್ನು ಮಾತ್ರ ತೆಗೆಯುತ್ತೇನೆ, ಆಮೇಲೆ ಗುಬುಟಿನ ಮುಂದಿನ ಮೂಲೆಯನ್ನು ದುಂಡಗೆ ಮಾಡುತ್ತೇನೆ. ಹಲ್ಲು, ಗುಬುಟು ಎರಡನ್ನೂ ಒಟ್ಟಿಗೆ ಅರೆಯುವ ಟೂ-ಇನ್-ಒನ್ ಗೈಡ್ ಕೂಡ ಬರುತ್ತದೆ. ಹೊಸಬರಿಗೆ ನಾನು ಅದನ್ನೇ ಹೇಳುವುದು.

ಕೊಯ್ತ ಒಂದು ಪಕ್ಕಕ್ಕೆ ವಾಲುತ್ತಿದ್ದರೆ ಬಹುಪಾಲು ಆ ಕಡೆ, ಈ ಕಡೆಯ ಹಲ್ಲು ಸಮ ಇಲ್ಲ ಅಂತಲೇ ಅರ್ಥ. ನಾನು ಬಲಗೈಯವನು, ಒಂದು ಬದಿಗೆ ಒತ್ತಡ ಕಡಿಮೆ ಬೀಳುತ್ತಿತ್ತು. ಈಗ ಎಲ್ಲಕ್ಕಿಂತ ಗಿಡ್ಡ ಹಲ್ಲನ್ನು ಹುಡುಕಿ, ಉಳಿದದ್ದನ್ನು ಅದರ ಅಳತೆಗೆ ತರುತ್ತೇನೆ.

ಪೆಟ್ರೋಲ್ ತುಂಬಿಸುವಾಗೊಮ್ಮೆ ಪ್ರತಿ ಹಲ್ಲಿಗೆ ಎರಡು ಮೂರು ಸಲ ಅರ. ಐದಾರು ನಿಮಿಷದ ಕೆಲಸ, ಅಷ್ಟೇ. ನನ್ನ ಚೈನಿನಲ್ಲಿ ಹಲ್ಲಿನ ಹಿಂಭಾಗಕ್ಕೆ ಒಂದು ಓರೆ ಗೆರೆ ಇದೆ, ಸವೆತ ಅಲ್ಲಿಗೆ ಮುಟ್ಟಿದರೆ ಚೈನು ಬದಲಿಸಬೇಕು. ಈಗಿರುವ ಚೈನು ಆ ಗೆರೆ ಮುಟ್ಟಲು ಇನ್ನೂ ಎರಡು ಮಿ.ಮೀ. ಬಾಕಿ ಇದೆ.