ಕಾಪರ್ ಟೇಪ್ ಕೊಳ್ಳುವಾಗ ಬೆನ್ನು ನೋಡಿ

ತಾಮ್ರದ ಫಾಯಿಲ್‌ನಲ್ಲಿ ಮಾಡಿದ ಸರ್ಕ್ಯೂಟ್ ಮಿಣುಕುತ್ತಿದ್ದರೆ, ಬೆರಳಲ್ಲಿ ಒತ್ತಿದಾಗ ಮಾತ್ರ ಉರಿಯುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಹಿಂಬದಿಯ ಅಂಟನ್ನು. ಕಾಪರ್ ಟೇಪ್, ಅಂದರೆ ಬೆನ್ನಿಗೆ ಅಂಟಿರುವ ತಾಮ್ರದ ಫಾಯಿಲ್ ಪಟ್ಟಿ, ಎರಡು ಜಾತಿಯದು. ಒಂದರ ಅಂಟಿನಲ್ಲಿ ಲೋಹದ ಸಣ್ಣ ಕಣಗಳಿದ್ದು ಕರೆಂಟ್ ಅಂಟಿನ ಮೂಲಕವೂ ಹಾಯುತ್ತದೆ. ಇನ್ನೊಂದರದು ಬರೀ ಅಕ್ರಿಲಿಕ್ ಗೋಂದು, ಕರೆಂಟಿಗೆ ಅದು ಗೋಡೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಹೊಳೆಯುತ್ತವೆ.

ಚಿತ್ರದುರ್ಗದ ಮಗ್ಗುಲಲ್ಲೇ ಇಂಗಳದಾಳ್‌ನಲ್ಲಿ ಒಂದು ಕಾಲಕ್ಕೆ ತಾಮ್ರದ ಗಣಿ ನಡೆಯುತ್ತಿತ್ತು. ಆದರೂ ಒಳ್ಳೆಯ ಫಾಯಿಲ್ ಬೇಕೆಂದರೆ ನಾವು ಬೆಂಗಳೂರಿನ ಎಸ್.ಪಿ. ರೋಡ್‌ಗೋ ಆನ್‌ಲೈನ್‌ಗೋ ಹೋಗಬೇಕು. ಮೊದಲು ಒಂದೇ ಉರುಳೆ ತರಿಸಿ, ಮೂರು ಪರೀಕ್ಷೆ ಮಾಡಿ.

ಮೊದಲನೆಯದು ಅಂಟಿನ ಪರೀಕ್ಷೆ. ಎರಡು ತುಂಡುಗಳನ್ನು ಸುಮಾರು 2 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿ, ಬೆರಳುಗುರಿನಿಂದ ಗಟ್ಟಿಯಾಗಿ ಉಜ್ಜಿ, ಆಚೆ ತುದಿಗೂ ಈಚೆ ತುದಿಗೂ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದು ಓಮ್ (ಕರೆಂಟಿಗಿರುವ ತಡೆಯ ಅಳತೆ) ಸ್ಥಿರವಾಗಿ ನಿಂತರೆ ಸರಿ. ಅಂಕಿ ಕುಣಿದರೆ ಅಥವಾ ಏನೂ ತೋರಿಸದಿದ್ದರೆ ಅದು ಕರೆಂಟ್ ಬಿಡದ ಅಂಟು, ಪೊಟ್ಟಣದ ಮೇಲೆ ಏನೇ ಬರೆದಿರಲಿ.

ಎರಡನೆಯದು ತೂಕ. 20 ಮಿ.ಮೀ. ಅಗಲ, 10 ಮೀಟರ್ ಉದ್ದ, 0.035 ಮಿ.ಮೀ. ದಪ್ಪದ ತಾಮ್ರ ಸುಮಾರು 63 ಗ್ರಾಂ ತೂಗಬೇಕು. ಅಂಟು, ಕಾಗದ, ನಡುವಿನ ರಟ್ಟು ಬೇರೆ. ಅಷ್ಟೇ ಅಳತೆಯ ಅಲ್ಯೂಮಿನಿಯಂ ಆದರೆ 19 ಗ್ರಾಂ. ಅಡುಗೆಮನೆಯ ತಕ್ಕಡಿಯೇ ಸಾಕು. ಎಷ್ಟೋ ಮಾರಾಟಗಾರರು ಅಂಟು ಸೇರಿಸಿದ ದಪ್ಪವನ್ನೇ ತಾಮ್ರದ ದಪ್ಪ ಎಂದು ಬರೆಯುತ್ತಾರೆ, ಆ ಮೋಸವೂ ಇಲ್ಲೇ ಬಯಲಾಗುತ್ತದೆ. ಮೂರನೆಯದು ಬ್ಲೇಡಿನಿಂದ ಒಂದು ಗೀರು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಬಣ್ಣ ಬಳಿದ ಬೇರೆ ಲೋಹ, ಅದಕ್ಕೆ ಸೋಲ್ಡರ್ (ಕರಗಿಸಿ ಬೆಸೆಯುವ ತವರದ ಮಿಶ್ರಲೋಹ) ಸರಿಯಾಗಿ ಹಿಡಿಯುವುದಿಲ್ಲ.

35 ಮೈಕ್ರಾನ್, ಅಂದರೆ ಅದೇ 0.035 ಮಿ.ಮೀ. ದಪ್ಪದ ಫಾಯಿಲ್ 5 ಮಿ.ಮೀ. ಅಗಲಕ್ಕೆ ಮೀಟರಿಗೆ ಸುಮಾರು 0.1 ಓಮ್. ಒಂದು ಎಲ್‌ಇಡಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ 12 ವೋಲ್ಟ್ ಪಟ್ಟಿ ದೀಪಕ್ಕೆ 2 ಮೀಟರ್ ದೂರ 1 ಆಂಪಿಯರ್ ಒಯ್ದರೆ, ಹೋಗಿ ಬರುವ 4 ಮೀಟರಿನಲ್ಲಿ 0.4 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. ಅಂಥ ಕಡೆ 20 ಮಿ.ಮೀ. ಟೇಪ್ ಹಾಕಿ. ಮನೆಯ 230 ವೋಲ್ಟ್‌ಗೆ ಮಾತ್ರ ಫಾಯಿಲ್ ಯಾವತ್ತೂ ಬೇಡ.

ಕೈ ಪಳಗಿಸಲು ಒಂದು ಕಾರ್ಡ್ ಮಾಡಿ. ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ದುರ್ಗದ ಕೋಟೆಯ ಗೆರೆ ಬರೆದು, ಬುರುಜಿನ ತುದಿಯಲ್ಲಿ ಒಂದು ಕೆಂಪು ಎಲ್‌ಇಡಿ. ಬೇಕಾದದ್ದು 5 ಮಿ.ಮೀ. ಟೇಪ್ ಅರ್ಧ ಮೀಟರ್, ಸಿಆರ್2032 ಗುಂಡಿ ಸೆಲ್, ಕರೆಂಟಿಗೆ ಮಿತಿ ಹಾಕುವ 100 ಓಮ್ ರೆಸಿಸ್ಟರ್. ಸೆಲ್‌ನ 3 ವೋಲ್ಟ್‌ನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ, ಉಳಿದ 1 ವೋಲ್ಟ್ ರೆಸಿಸ್ಟರ್ ಮೇಲೆ ಬಿದ್ದು 10 ಮಿಲಿಆಂಪಿಯರ್ ಹರಿಯುತ್ತದೆ. ಪಕ್ಕದಲ್ಲಿ ಒಂದು ನೀಲಿಯೂ ಇರಲಿ ಎಂದು ಅದೇ ರೆಸಿಸ್ಟರಿನ ಆಚೆಗೆ ಸಮಾಂತರವಾಗಿ ಸೇರಿಸಿದರೆ ಕೆಂಪೇ ಉರಿಯುತ್ತದೆ, ನೀಲಿ ಸುಮ್ಮನಿರುತ್ತದೆ. ನೀಲಿಗೆ 3 ವೋಲ್ಟ್ ಹತ್ತಿರ ಬೇಕು, ಕೆಂಪು ಅಷ್ಟು ಏರಲು ಬಿಡುವುದಿಲ್ಲ.

ಕೋಟೆಯ ಗೆರೆ ಎಂದ ಮೇಲೆ ತಿರುವು ಬಹಳ. ತಿರುವಿನಲ್ಲಿ ಟೇಪ್ ಕತ್ತರಿಸಿ ಹೊಸ ತುಂಡು ಅಂಟಿಸುವುದೇ ಎಲ್ಲರೂ ಮಾಡುವ ತಪ್ಪು; ಪ್ರತಿ ತುಂಡಿನ ಕೆಳಗೂ ಅಂಟಿನ ಒಂದು ಪದರ ಬಂತು. ಕತ್ತರಿಸಬೇಡಿ, ಮಡಚಿ. ಎಡಕ್ಕೆ ತಿರುಗಬೇಕೆಂದರೆ ಮೊದಲು ಟೇಪನ್ನು ಬಲಕ್ಕೆ ಮಡಚಿ, ಆಗ ಅಂಟು ಮೇಲೆ ಕಾಣುತ್ತದೆ. ನಂತರ ಅದನ್ನೇ ಹಿಂದಕ್ಕೆ ಮಗುಚಿ ಎಡಕ್ಕೆ ಎಳೆಯಿರಿ, ಅಂಟು ಮತ್ತೆ ಕೆಳಗೆ ಬರುತ್ತದೆ. ಮೂಲೆಯನ್ನು ಚಮಚದ ಬೆನ್ನಿನಿಂದ ಒತ್ತಿ ಚಪ್ಪಟೆ ಮಾಡಿ. ಹಿಂಬದಿಯ ಕಾಗದವನ್ನು ಮೂಲೆ ದಾಟಿ ಎರಡು ಇಂಚಿನಷ್ಟೇ ಸುಲಿಯಿರಿ. ಪೂರ್ತಿ ಸುಲಿದರೆ ಬಾಲ ಕೈಗೂ ಮೇಜಿಗೂ ಮೆತ್ತಿಕೊಂಡು ಹರಿಯುತ್ತದೆ. ಎರಡು ಗೆರೆ ಅಡ್ಡ ಹಾಯುವ ಕಡೆ ನಡುವೆ ಸೆಲ್ಲೋಟೇಪ್ ತುಂಡು ಇಡಿ.

ಕರೆಂಟ್ ಬಿಡುವ ಅಂಟೇ ಇದ್ದರೂ ಜೋಡಣೆಗಳಿಗೆ ಸೋಲ್ಡರ್ ಹಾಕಿ. ಕಾರ್ಡ್ ಹತ್ತಾರು ಸಲ ಬಾಗಿದ ಮೇಲೆ ಅಂಟಿನ ಕಣಗಳ ಸಂಪರ್ಕ ಸಡಿಲವಾಗುತ್ತದೆ. 25 ವ್ಯಾಟ್ ಐರನ್, 0.8 ಮಿ.ಮೀ. ದಪ್ಪದ 63/37 ಸೋಲ್ಡರ್ ತಂತಿ (63 ಪಾಲು ತವರ, 37 ಪಾಲು ಸೀಸ) ಸಾಕು. ಈ ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ. ಎಲ್‌ಇಡಿ ಕಾಲಿಗೂ ಫಾಯಿಲ್‌ಗೂ ಮೊದಲೇ ಬೇರೆ ಬೇರೆಯಾಗಿ ತವರ ಬಳಿದಿಟ್ಟು, ಆಮೇಲೆ ಎರಡನ್ನೂ ಸೇರಿಸಿ ಒಂದೆರಡು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಐದು ಸೆಕೆಂಡ್ ಹಿಡಿದರೆ ಅಂಟು ಮೆತ್ತಗಾಗಿ ಫಾಯಿಲ್ ಹಪ್ಪಳದ ಹಾಗೆ ಮೇಲೇಳುತ್ತದೆ, ಕಾಗದ ಕಂದುತ್ತದೆ. ಸೋಲ್ಡರ್ ಹರಡದೆ ಮಣಿಯಂತೆ ಉರುಳಿದರೆ ಇನ್ನಷ್ಟು ಕಾಯಿಸಬೇಡಿ, ಮೇಲ್ಮೈ ಕೊಳೆಯಾಗಿದೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದ ಕೈಯಲ್ಲಿ ದಾವಣಗೆರೆಯವರು ಫಾಯಿಲ್ ಮುಟ್ಟದಿರುವುದೇ ಲೇಸು: ಎಣ್ಣೆಗೆ ಸೋಲ್ಡರ್ ಹಿಡಿಯುವುದಿಲ್ಲ, ಉಪ್ಪಿಗೆ ಬೆರಳಚ್ಚೇ ಕಪ್ಪಾಗಿ ಮೂಡುತ್ತದೆ. ಸೋಲ್ಡರ್ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ರಾಳದ್ದೇ ಇರಲಿ. ತಗಡು ಬೆಸೆಯುವ ಆಸಿಡ್ ಫ್ಲಕ್ಸ್ ಹಾಕಿದರೆ ಅಂದಿಗೆ ಚೆನ್ನಾಗಿಯೇ ಹಿಡಿಯುತ್ತದೆ, ಕೆಲವು ವಾರಗಳಲ್ಲಿ ಹಸಿರು ಕಿಲುಬು ಕಟ್ಟಿ ಫಾಯಿಲ್ಲನ್ನೇ ತಿನ್ನುತ್ತದೆ. 63/37ರಲ್ಲಿ ಸೀಸ ಇರುವುದರಿಂದ ಕೆಲಸ ಮುಗಿದೊಡನೆ ಸೋಪು ಹಾಕಿ ಕೈ ತೊಳೆಯಿರಿ.

ಅಂಚಿಗೆ ಫಾಯಿಲ್ ಸುತ್ತಿ, ಸೋಲ್ಡರ್ ಹಾಕಿ ಬಣ್ಣದ ಗಾಜು ಜೋಡಿಸುವವರಿಗೆ ಅಂಟಿನಲ್ಲಿ ಕರೆಂಟ್ ಹಾಯುವುದು ಬೇಕಿಲ್ಲ, ಅಳತೆ ಮುಖ್ಯ. 3 ಮಿ.ಮೀ. ಗಾಜಿಗೆ 5.5 ಮಿ.ಮೀ. ಫಾಯಿಲ್ ಸುತ್ತಿದರೆ ಎರಡೂ ಬದಿಗೆ 1.25 ಮಿ.ಮೀ. ಮಡಿಕೆ ಬರುತ್ತದೆ. ನಡುವಿಗೆ ಹಿಡಿಯದೆ ಒಂದು ಬದಿಗೆ ಜಾರಿದರೆ ಸೋಲ್ಡರ್ ಗೆರೆ ವಕ್ರವಾಗಿ ಕಾಣುತ್ತದೆ, ಆಮೇಲೆ ತಿದ್ದಲಾಗದು. ಗಾಜು ಕೊಯ್ದ ಎಣ್ಣೆಯನ್ನು ಸೋಪಿನಲ್ಲಿ ತೊಳೆದು ಒಣಗಿಸಿಯೇ ಸುತ್ತಿ.

ಉಬ್ಬು ಚಿತ್ರಕ್ಕೆ ಅಂಟಿಲ್ಲದ 0.1 ರಿಂದ 0.15 ಮಿ.ಮೀ. ಹಾಳೆ ಬೇಕು, ಟೇಪ್ ಹರಿದುಹೋಗುತ್ತದೆ. ಒತ್ತುತ್ತಾ ಹೋದಂತೆ ತಾಮ್ರ ಬಿರುಸಾಗುತ್ತದೆ. ಆಗ ಗ್ಯಾಸ್ ಒಲೆಯ ಉರಿಯಲ್ಲಿ ಮಂಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕಾದರೆ ಹೀಗೆ ಕಾಯಿಸಿ ನೀರಿಗದ್ದಿದಾಗ ಗಡುಸಾದೀತು, ತಾಮ್ರ ಮೆದುವಾಗುತ್ತದೆ. ಮೇಲಿನ ಕರಿ ಪೊರೆಗೆ ಬಿಂದಿಗೆ ಬೆಳಗುವ ಹುಣಸೆಹಣ್ಣು, ಉಪ್ಪೇ ಮದ್ದು. ಎರಡು ಮೂರು ನೀರಿನಲ್ಲಿ ತೊಳೆದು ಕೂಡಲೇ ಒರೆಸಿ, ಉಳಿದ ಉಪ್ಪು ಕಿಲುಬಿಗೆ ಬೀಜ.

ಕತ್ತರಿಗಿಂತ ಹೊಸ ಬ್ಲೇಡ್, ಸ್ಟೀಲ್ ಸ್ಕೇಲ್ ಉತ್ತಮ. ಕತ್ತರಿ ಅಂಚನ್ನು ಸುರುಳಿ ಮಾಡುತ್ತದೆ. ಕೊಯ್ದ ಅಂಚು ಬೆರಳನ್ನೂ ಕೊಯ್ಯುತ್ತದೆ, ಅದರ ಮೇಲೆ ಬೆರಳು ಎಳೆಯಬೇಡಿ. ಉಳಿದ ಉರುಳೆಯನ್ನು ಜಿಪ್ ಕವರಿನಲ್ಲಿ, ಮಲಗಿಸಿ ಇಡಿ. ಏಪ್ರಿಲ್ ಬಿಸಿಲಿಗೆ ಶೀಟಿನ ಮನೆಯಲ್ಲಿ ಅಂಟು ಅಂಚಿನಿಂದ ಹೊರಗೆ ಒಸರಿ ದೂಳೆಲ್ಲ ಹಿಡಿಯುತ್ತದೆ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ: ರಬ್ಬರಿನಲ್ಲಿರುವ ಗಂಧಕಕ್ಕೆ ತಾಮ್ರ ಕಪ್ಪಾಗಿ, ಬ್ಯಾಂಡ್ ಇದ್ದ ಜಾಗದಲ್ಲಿ ಉರುಳೆಯ ಸುತ್ತ ಒಂದು ಕರಿ ಪಟ್ಟೆ ಉಳಿಯುತ್ತದೆ.