ಕುದುರೆಗೆ ಭೇದಿ: ಲದ್ದಿಗಿಂತ ಮೊದಲು ನಾಡಿ ನೋಡಿ

ಲದ್ದಿ ನೀರಾಗಿ ಚಿಮ್ಮುವ ತನಕ ಕಾಯುವವರೇ ಹೆಚ್ಚು. ದೊಡ್ಡ ಕರುಳಿನಲ್ಲಿ ಉರಿಯೂತ ಶುರುವಾದ ಕುದುರೆ ಎಷ್ಟೋ ಸಲ ಅದಕ್ಕೂ ಮೊದಲೇ ಮೇವು ಬಿಟ್ಟು, ತಲೆ ಜೋಲು ಹಾಕಿ ನಿಂತಿರುತ್ತದೆ.

ಮೊದಲು ಗುದದಲ್ಲಿ ಥರ್ಮಾಮೀಟರ್ ಇಡಿ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜ್ವರ. ಕೆಳದವಡೆಯ ಅಂಚಿನಲ್ಲಿ ಹಾಯುವ ರಕ್ತನಾಳಕ್ಕೆ ಬೆರಳೊತ್ತಿ ನಾಡಿ ಎಣಿಸಿ: ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. 60 ದಾಟಿತೋ, ಬೆಳಗಾಗಲಿ ಎನ್ನದೆ ವೈದ್ಯರಿಗೆ ಫೋನ್ ಮಾಡಿ. ತುಟಿ ಎತ್ತಿ ನೋಡಿ. ವಸಡು ತಿಳಿ ಗುಲಾಬಿಯಾಗಿ, ಒದ್ದೆಯಾಗಿರಬೇಕು. ಹಲ್ಲಿನ ಬುಡದುದ್ದಕ್ಕೂ ನೇರಳೆ ಗೆರೆ ಕಂಡರೆ ಕರುಳಿನ ವಿಷ ರಕ್ತಕ್ಕಿಳಿದಿದೆ ಎಂದೇ ತಿಳಿಯಿರಿ.

ಕುದುರೆಯನ್ನು ಬೇರೆ ಕಟ್ಟಿ. ಬಕೆಟ್, ಸಲಿಕೆಯೂ ಬೇರೆ ಇರಲಿ. ಈ ಭೇದಿ ತರುವ ಬ್ಯಾಕ್ಟೀರಿಯಾಗಳಲ್ಲಿ ಒಂದಾದ ಸಾಲ್ಮೊನೆಲ್ಲಾ ಮನುಷ್ಯರಿಗೂ ಹತ್ತುತ್ತದೆ. ಕೈಗೆ ಸೋಪು, ನೀರೇ ಬೇಕು. ಸ್ಯಾನಿಟೈಸರ್‌ಗೆ ಇನ್ನೊಂದು ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂನ ಬೀಜಕಗಳು ಜಗ್ಗುವುದಿಲ್ಲ. ಲದ್ದಿಯ ಒಂದು ಸ್ಯಾಂಪಲ್ ನೆಗೆಟಿವ್ ಬಂದರೆ ನಿಶ್ಚಿಂತರಾಗಬೇಡಿ. ಸಾಲ್ಮೊನೆಲ್ಲಾ ಪ್ರತಿದಿನ ಹೊರಬೀಳುವುದಿಲ್ಲ, ಬೇರೆ ಬೇರೆ ದಿನದ ಮೂರರಿಂದ ಐದು ಸ್ಯಾಂಪಲ್ ಬೇಕು. ಕೈಗೆ ಸಿಕ್ಕ ಆಂಟಿಬಯಾಟಿಕ್ ಮಾತ್ರ ಕೊಡಬೇಡಿ. ಎಷ್ಟೋ ಸಲ ಈ ಭೇದಿಗೆ ಕಾರಣವೇ ಅದು.

ಹೆಚ್ಚಿನವರು ಎಡವುವುದು ಡ್ರಿಪ್ಪಿನ ಲೆಕ್ಕದಲ್ಲಿ. 450 ಕೆ.ಜಿ. ಕುದುರೆ ತೂಕದ ಶೇ 8ರಷ್ಟು ನೀರು ಕಳೆದುಕೊಂಡರೆ 36 ಲೀಟರ್ ಕೊರತೆ, ಅಂದರೆ ಅರ್ಧ ಲೀಟರಿನ 72 ಬಾಟಲಿ. ಇದರ ಮೇಲೆ ದಿನದ ಅಗತ್ಯ ಸುಮಾರು 25 ಲೀಟರ್, ಭೇದಿಯಲ್ಲಿ ಹೋಗುತ್ತಲೇ ಇರುವುದು ಬೇರೆ. ನಾಲ್ಕು ಬಾಟಲಿ ಏರಿಸಿದ್ದು ಲೆಕ್ಕಕ್ಕೇ ಇಲ್ಲ.

ಕರುಳಿನ ವಿಷ ಗೊರಸಿನೊಳಗೂ ಉರಿಯೂತ ತರಬಹುದು. ಅದನ್ನು ತಡೆಯಲು ಅದೇ ಹೊತ್ತಿಗೆ ಕಾಲನ್ನು ಐಸ್‌ನೀರಿಗಿಳಿಸಿ. ಗೊರಸು ಪೂರ್ತಿ ಮುಳುಗಿ, ಮೊಣಕಾಲಿನ ಕೆಳಗಿನವರೆಗೆ ನೀರಿರಬೇಕು. 48ರಿಂದ 72 ಗಂಟೆ ಬಿಡುವಿಲ್ಲದೆ, ಕರಗಿದ ಹಾಗೆ ಐಸ್ ಸುರಿಯುತ್ತ. ಕುಂಟು ಬಂದ ಮೇಲೆ ಶುರುಮಾಡಿದರೆ ತಡವಾಯಿತು: ಭೇದಿ ನಿಂತರೂ ಗೊರಸು ಕಳಚಿ ಸಾಯುವ ಕುದುರೆಗಳಿವೆ.

ಫಿನೈಲ್‌ಬ್ಯುಟಜೋನ್ ಎಂಬ ನೋವಿನ ಮಾತ್ರೆ ತಿನ್ನುತ್ತಿದ್ದ ಕುದುರೆಯ ಕಥೆ ಬೇರೆ: ಅಲ್ಲಿ ಕರುಳನ್ನು ಕೆಡಿಸುವುದು ಆ ಮಾತ್ರೆಯೇ. ಮೇಲಿಂದ ಮೇಲೆ ಸಣ್ಣ ಹೊಟ್ಟೆನೋವು, ಹೊಟ್ಟೆಯಡಿ ಬಾವು, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿಕೆ. ಬಲಗಡೆ ಪಕ್ಕೆಲುಬುಗಳ ನಡುವೆ ಅಲ್ಟ್ರಾಸೌಂಡ್ ಮಾಡಿದಾಗ ಕರುಳಿನ ಗೋಡೆ 5 ಮಿ.ಮೀ. ಮೀರಿದ್ದರೆ ಅನುಮಾನ ಗಟ್ಟಿ. ಆ ಮಾತ್ರೆ ಅಂದೇ ನಿಲ್ಲಿಸಿ. ಫ್ಲುನಿಕ್ಸಿನ್ ಕೂಡ ಅದೇ ಜಾತಿಯ ನೋವಿನ ಮದ್ದು, ಬದಲಿ ಅಲ್ಲ. ಉದ್ದ ಹುಲ್ಲು ತಗ್ಗಿಸಿ, ನೆನೆಸಿದ ಪೆಲೆಟ್ ದಿನಕ್ಕೆ ನಾಲ್ಕಾರು ಸಲ ಸ್ವಲ್ಪ ಸ್ವಲ್ಪವೇ ಕೊಡಿ, ಇಸಬ್‌ಗೋಲ್ ಬೆರೆಸಬಹುದು. ಈ ಪಥ್ಯ ತಿಂಗಳುಗಟ್ಟಲೆ ನಡೆಯಬೇಕು. ವೈದ್ಯರು ಕರುಳಿನ ಒಳಪದರ ಕಾಯುವ ಮಿಸೊಪ್ರೊಸ್ಟಾಲ್ ಬರೆದುಕೊಟ್ಟರೆ, ಗರ್ಭಿಣಿಯರು ಆ ಮಾತ್ರೆಯನ್ನು ಮುಟ್ಟಲೇಬಾರದು, ಗರ್ಭಪಾತವಾದೀತು.