ಕೊಳ್ಳುವ ಮೊದಲು ಒಮ್ಮೆ ಮಾತನಾಡಿಸಿ ನೋಡಿ

ಎಲ್ಲರಿಗೂ ನಮಸ್ಕಾರ. ಮಿಕ್ಸಿ, ಕುಕ್ಕರ್, ಫ್ಯಾನ್‌ನಂತಹ ವಸ್ತುಗಳನ್ನು ಕೊಳ್ಳುವಾಗ ಬೆಲೆಯ ಜೊತೆಗೆ, ಅವು ಕೆಟ್ಟಾಗ ನಮ್ಮ ಮಾತನ್ನು ಕೇಳಿಸಿಕೊಳ್ಳುವ ಮನುಷ್ಯರು ಮಾರುವವರ ಕಡೆ ಇದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಕಳೆದ ವರ್ಷ ಆನ್‌ಲೈನಿನಲ್ಲಿ ತರಿಸಿದ ಮಿಕ್ಸಿಯ ಜಾರ್ ತಳದಿಂದ ಚಟ್ನಿಯ ನೀರು ಸೋರತೊಡಗಿದಾಗ, ಮಾರಿದ ಕಂಪನಿಯ ಸಹಾಯವಾಣಿಯಲ್ಲಿ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂಬ ಧ್ವನಿಮುದ್ರಿತ ಮಾತಿನ ಹೊರತು ಮೂರು ದಿನ ನನಗೆ ಯಾರೂ ಸಿಗಲಿಲ್ಲ. ಕೊನೆಗೆ ನಮ್ಮ ಬೀದಿಯ ಪಾತ್ರೆ ಅಂಗಡಿಗೆ ಒಯ್ದೆ. ಅಂಗಡಿಯವರು ‘ಕೂತ್ಕೊಳ್ಳಿ ಅಮ್ಮ’ ಎಂದು ಸ್ಟೂಲ್ ಕೊಟ್ಟು, ಜಾರನ್ನು ಬೋರಲು ಹಾಕಿ, ಬ್ಲೇಡನ್ನು ಬಿಚ್ಚಿ, ಅದರ ಕೆಳಗಿನ ಸವೆದ ರಬ್ಬರ್ ವಾಷರನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದರು. ಹುರಿದ ಮಸಾಲೆಯನ್ನು ಆರಲು ಬಿಡದೆ ಬಿಸಿಬಿಸಿಯಾಗಿ ರುಬ್ಬಬಾರದೆಂದು ತಾಳ್ಮೆಯಿಂದ ತಿಳಿಸಿ ಹೇಳಿದರು. ಆಮೇಲೆ ನಮ್ಮ ಮನೆಗೆ ಕುಕ್ಕರೂ ಅಲ್ಲಿಂದಲೇ ಬಂದಿದೆ, ಬೆಲೆ ತುಸು ಹೆಚ್ಚಾದರೂ.

ಆನ್‌ಲೈನಿನಲ್ಲೇ ಕೊಳ್ಳುವವರು ಹಣ ಕಟ್ಟುವ ಮೊದಲೇ ಒಮ್ಮೆ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆಯೇ ಎಂದು ಪರೀಕ್ಷಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂತಹ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರಗಳನ್ನು ಪ್ರಕಟಿಸಬೇಕು. ದೂರು ತಲುಪಿರುವುದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ಹೇಳಬಹುದು. ಬಿಲ್ಲನ್ನು ಮಾತ್ರ ತಪ್ಪದೆ ಎತ್ತಿಟ್ಟುಕೊಂಡಿರಿ.